ಎರಡು ಬೆರಳಿನ ಸಂದು

ಕುಣೀತು ಬಸ್ಸು, ಹಾತಕಣಂಗಲೆ ದಾಟಿದ ತಗ್ಗಿನಾಗ ಧಡಕ್ಕನ ಇಳದು, ಮೆಲ್ಲಕ ಎದ್ದು, ಎಡಕ್ಕ ವಾಲಿ ಸರಿಯಾತು, ಎಷ್ಟು ಎತ್ತರ ಅದಾವ ಇದರ ಸ್ಪ್ರಿಂಗಿನ ಪಾಟಾ, ವಾಲಿದ್ರ ವಾಲಲಿ, ಗಾಲಿ ನೆಲಾ ಬಿಡಲಿಲ್ಲಲ್ಲ — ಪಾಟಾದ ಕೆಲಸ ಅಂದ್ರ ಅದ, ಹಾದಿಯ ತಗ್ಗು ತಾನು ನುಂಗೂದು, ಇಚಲಕರಂಜ್ಯಾಗ ಇಪ್ಪತ್ತು ವರ್ಷ ಮೋಟಾರಿನ ಹೊಟ್ಟಿ ಕೆಳಗ ಮಲಗಿದ ಈ ರಾಯಪ್ಪಗ ಅದನ್ನ ಯಾರೂ ಕಲಸಬೇಕಾಗಿರಲಿಲ್ಲ. ಆದ್ರೂ ಮಗ್ಗದ ಮಾಲಕರು, ಅಭಯಕುಮಾರರು, ಬಂದು ನಿಂತು, ರಾಯಪ್ಪಾ, ತಿರುವಿನಾಗ ನಮ್ಮ ಮೋಟಾರ ಭಾಳ ವಾಲತೈತಿ, ಜರಾ ತಗ್ಗಸು, ನೆಲಕ್ಕ ಅಂಟಿಕೊಂಡು ಓಡಬೇಕು ನೋಡು ಅಂದ್ರು, ಹೌದ್ರಿ ಮಾಲಕರ, ಮಾಡೂಣಂತ್ರಿ ಅಂದೆ, ಪಾಟಾದ ಕಮಾನು ಬಡದು ಬಡದು ಸಪಾಟ ಮಾಡಿದೆ, ಮುಂದೂ ಇಳಿಸಿದೆ, ಹಿಂದ ಆಕ್ಸಲ್ಲಿಗೂ ಮ್ಯಾಲಿನ ಧಕ್ಕಿ ತಡಿಯೂ ರಬ್ಬರ ಗಟ್ಟಿಗೂ ನಡಕ ನಾಲ್ಕು ಬೆರಳಿನ ಸಂದು ಇತ್ತು, ಎರಡಾತು, ಈ ಎರಡು ಬೆರಳು ಒಳಗಿಟ್ಟು ನೋಡಿದೆ, ಬರೋಬ್ಬರಿ. ಯಡ್ರಾವದ ಹಾದಿ ಹಿಡದು ಒಬ್ಬನ ಹೊಡಕೊಂಡು ಹೋದೆ, ಅಬಬಬಾ ಏನ್ ಹಿಡಿತ, ತಿರುವಿನಾಗ ಮೈ ವಾಲವಲ್ದು, ಗಾಲಿ ನೆಲಾ ಕಚ್ಚಿ ಹಿಡದಾವ, ಮೀಸಿ ತಿರುವಿದೆ, ಮಳ್ಳ. ಒಬ್ಬನ ಕುಂತಿದ್ದೆ. ನಮ್ಮ ಕಡೆ ಮೋಟಾರಿನಾಗ ಒಬ್ಬನ ಯಾವಾಗ ಹೋಗ್ಯಾನ?

ಮಗಳು ಅಲಕಾ ಚೊಚ್ಚಲ ಬಸರಿ, ಗಡಹಿಂಗ್ಲಜದ ಅತ್ತಿಮನಿಯಿಂದ ಬಾಣಂತನಕ್ಕ ಕರಕೊಂಡು ಬರಬೇಕಿತ್ತು, ಮಹಾರಾಷ್ಟ್ರ ಹುಟ್ಟಿದ ವರ್ಷದ ಕೂಸು ಅಂತ ಓಣ್ಯಾಗ ಎಲ್ಲಾರೂ ಚ್ಯಾಷ್ಟಿ ಮಾಡತಿದ್ರು, ಮಾಲಕರು ತಾವಾಗಿ ಮೋಟಾರ ಕೊಟ್ರು, ಹೊಡಿಯಾಂವ ಅವರ ಡ್ರೈವರ, ಅಲಕಾನ ಗಂಡ, ನನ್ನ ಅಳಿಯ ಕೃಷ್ಣಾತ. ಕರೀಲಿಕ್ಕೆ ಹ್ವಾದಾಕಿ ನನ್ನ ಹೇಣತಿ ಸಾವಕ್ಕ, ಬರೂ ಮುಂದ ಎಂಟು ಮಂದಿ, ಬುತ್ತಿ ಗಂಟು, ಜ್ವಾಳದ ಚೀಲ, ಹಿಂದ ಬೆಲ್ಲದ ಪೆಂಟಿ — ಅಷ್ಟು ಭಾರಕ್ಕ ನನ್ನ ಎರಡು ಬೆರಳಿನ ಸಂದು ಅಲ್ಲೇ ಮುಗದಿರಬೇಕು, ಊರು ಬಿಡೂ ಮುಂದನ. ತಿರುವಿನಾಗ ಒಂದು ತಗ್ಗು ಬಂತು, ಹಿಂದ ಧಪ್ ಅಂತು ನೋಡ್ರಿ ಅಂದಳು ಸಾವಕ್ಕ, ಆಮ್ಯಾಲ ಮೋಟಾರಿನ ಹಿಂಬದಿ ತಾನ ಹೊರಳಿ ಗಟಾರಕ್ಕ ಬಿತ್ತು. ಧಪ್. ಆಕ್ಸಲ್ ರಬ್ಬರಕ್ಕ ಬಡದದ್ದು ಅದು, ನುಂಗಲಿಕ್ಕೆ ಜಾಗಾನ ಇಲ್ಲ, ಗಾಲಿ ನೆಲಾ ಬಿಟ್ಟು ಹಾರೇದ. ಎಂಟೂ ಮಂದಿ ಉಳದ್ರು, ಹೊಟ್ಟ್ಯಾಗಿನ ಕೂಸು ಉಳೀಲಿಲ್ಲ. ಅಪ್ಪಾ, ನನ್ನ ಕೂಸಿನ್ನ ಕೊಂದಾಂವನ ಮುಖಾ ನಾ ನೋಡಂಗಿಲ್ಲ ಅಂತಾಳ ಅಲಕಾ ಗಂಡನ ಮಾತು ತಗದ್ರ, ಗ್ವಾಡಿಗೆ ಮುಖಾ ಮಾಡಿ ಮಲಗ್ಯಾಳ, ಒಂಬತ್ತು ದಿನಾ ಆತು. ಮೋಟಾರ ಎಳಕೊಂಡು ತಂದಾಗ ಕೆಳಗ ಮಲಗಿ ನೋಡಿದೆ, ರಬ್ಬರ ಗಟ್ಟಿಮ್ಯಾಲೆ ಬಡದ ಹೊಸಾ ಗುರುತು, ಅರಿವಿ ತಗೊಂಡು ಒರಸಿದೆ, ಯಾಕ ಒರಸಿದೆನೋ, ಗುರುತು ಹೋಗಲಿಲ್ಲ. ನಿನ್ನ ಕೆಲಸ ಚಲೋನ ಇತ್ತು ರಾಯಪ್ಪಾ, ಹುಡುಗ ಜೋರ ಹೊಡದ ಅಂದ್ರು ಮಾಲಕರು, ಹೌದ್ರಿ ಅಂದೆ. ಹೌದ್ರಿ ಅಂದ್ನಲ್ಲೋ, ಅಳಿಯಾನ ಕುತ್ತಿಗಿಮ್ಯಾಲೆ ಕಾಲಿಟ್ಟು ಹೌದ್ರಿ ಅಂದ್ನಲ್ಲೋ.

ಕೊಲ್ಹಾಪುರ ಬಂತು, ಇಳೀರಿ ಇಳೀರಿ, ಇವತ್ತು ಹೇಳಿಬಿಡಬೇಕು, ಮೊದಲ ದವಾಖಾನ್ಯಾಗ ಮಲಗಿದ ಅಳಿಯಗ, ಸಂಜಿಕ ಹೋಗಿ ಅಲಕಾಗ, ಆಮ್ಯಾಲ ಆಕಿ ಅಪ್ಪಾ ಅನ್ನಲಿ ಬಿಡಲಿ — ದವಾಖಾನಿ ತುಂಬ ಫಿನೈಲ ವಾಸನಿ, ಮೂಲಿ ಕಾಟಿನಮ್ಯಾಲೆ ಅಂವ, ತೊಡಿ ಮುರದು ಕಾಲು ಮ್ಯಾಲೆ ಕಟ್ಟ್ಯಾರ, ಗಡ್ಡಾ ಬಂದೈತಿ, ನನ್ನ ನೋಡಿ ಏಳಾಕ ಹೊಂಟ. ಮಲಗಪಾ. ಮಾಮಾ, ಅಲಕಾ ಬರಲಿಲ್ಲೇನು, ಬರಬಾರದ ಬಿಡ್ರಿ, ನಿಧಾನ ಹೊಂಟಿದ್ದೆ ಅಂತ ನನಗ ಅನಸ್ತೈತಿ ಮಾಮಾ, ಆದ್ರ ಎಲ್ಲಾರೂ ಜೋರ ಇತ್ತು ಅಂತಾರ, ಇದ್ದೀತು, ಜೋರನ ಹೊಡದಿದ್ದೇನು, ಮೀ ಚುಕಲೋ ಮಾಮಾ, ನಂದ ತಪ್ಪಾತು, ಮಾಫ ಮಾಡ್ರಿ — ಕೈ ಚಾಚಿದ, ಹುಡುಕಿ ನನ್ನ ಕೈ ಹಿಡದ, ಪೂರಾ ಕೈ ಸಿಗಲಿಲ್ಲ ಅವಗ, ಎರಡ ಬೆರಳು ಸಿಕ್ಕೂ, ಬಿಗಿಯಾಗಿ ಹಿಡದು ಅಳಾಕತ್ತ್ಯಾನ, ಹೇಳು ರಾಯಪ್ಪಾ, ಬಾಯಿ ತಗಿ, ನಾಲ್ಕು ಇತ್ತು, ಎರಡಾತು, ಬಾಯಿ ತಗಿ, ಇವ, ಇವ ಎರಡು ಬೆರಳು, ಎರಡು ಬೆರಳು —