ಹೆಗಲ ಮೇಲಿನ ಬೆಟ್ಟ

ಬೆಟ್ಟಗಳಿಗೆ ತಾವು ಕೂರಬೇಕಾದ ಜಾಗ ಇನ್ನೂ ಗೊತ್ತಾಗಿರದ ಕಾಲದಲ್ಲಿ ಒಬ್ಬ ದೈತ್ಯನಿದ್ದನಂತೆ. ಅಲೆದು ಅಲೆದು ಕಾಲು ಸೋತ ಒಂದು ಮರಿಬೆಟ್ಟ ಅವನ ಮುಂದೆ ಬಂದು, "ಅಣ್ಣಾ, ಒಂದು ಗಳಿಗೆ ನಿನ್ನ ಹೆಗಲ ಮೇಲೆ ಕೂರಲಾ?" ಎಂದು ಕೇಳಿತಂತೆ. ಪಾಪ, ಇವನು ಹೂಂ ಅಂದ. ಆ ಒಂದು ಗಳಿಗೆ ನೂರು ವರ್ಷವಾಯಿತು. ಬೆಟ್ಟದ ಮೇಲೆ ಹುಲ್ಲು ಬಂತು, ಮರ ಬಂತು, ಮರಕ್ಕೆ ಹಕ್ಕಿ ಬಂತು. ದೈತ್ಯ ಮಾತ್ರ ಹೆಗಲು ಅಲುಗಿಸದೆ ನಿಂತೇ ಇದ್ದ, ಬೆಟ್ಟಕ್ಕೆ ನಿದ್ದೆ ಕೆಟ್ಟೀತು ಎಂದು.

ಮುಂದಿನ ಕತೆ ನನಗೆ ಬರುವುದಿಲ್ಲ. ಇಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಅಜ್ಜಿಯನ್ನು ಕೇಳಿದರೆ, ನಿದ್ದೆ ಹೋಗುತ್ತಿದ್ದವಳು ನೀನೇ ಅನ್ನುತ್ತಾಳೆ.

ನಾನು ಬೋರ್ಡು ಬರೆಯುವವಳು. ಅಂಗಡಿ, ಶಾಲೆ, ಗ್ಯಾರೇಜು, ಯಾರು ಕರೆದರೂ ಏಣಿ ಹೊತ್ತು ಹೋಗಿ ಅಕ್ಷರ ಬರೆದು ಬರುತ್ತೇನೆ. ಈ ಸಲ ಆಸ್ಪತ್ರೆಯವರು ಕರೆದಿದ್ದರು. ಮಕ್ಕಳ ಹೊಸ ವಾರ್ಡಿನ ಗೋಡೆಯ ಮೇಲೆ ಒಂದು ಕತೆ ಬಿಡಿಸಿಕೊಡಬೇಕು, ಯಾವ ಕತೆಯಾದರೂ ಸರಿ. ನಾನು ದೈತ್ಯನನ್ನು ಆರಿಸಿಕೊಂಡೆ. ಪಾದದಿಂದ ಶುರುಮಾಡಿ ಮೊಣಕಾಲು, ಹೊಟ್ಟೆ, ಎದೆ ಎಂದು ಮೇಲೇರುತ್ತ ಕುತ್ತಿಗೆಯವರೆಗೆ ಬಂದೆ. ಅಲ್ಲಿ ನಿಂತೆ. ಏಣಿಯ ಕೊನೆಯ ಮೆಟ್ಟಿಲು ಹತ್ತಿಯಾಗಿತ್ತು, ನನ್ನ ಬಲಗೈ ಹೆಗಲಿನ ಮಟ್ಟದಿಂದ ಮೇಲೆ ಹೋಗಲು ಒಪ್ಪಲಿಲ್ಲ.

ನೋವು ಹೊಸದಲ್ಲ. ವರ್ಷಗಳಿಂದ ಕಿವಿಯ ಕೆಳಗಿಂದ ಬೆನ್ನಿನ ರೆಕ್ಕೆಮೂಳೆಯವರೆಗೆ ಒಂದು ಹಗ್ಗ ಬಿಗಿದಂತಿತ್ತು. ಆದರೆ ಕೈ ಹೀಗೆ ಮುಷ್ಕರ ಹೂಡಿದ್ದು ಇದೇ ಮೊದಲು. ಕುಂಚವನ್ನು ಕೋಲಿಗೆ ಕಟ್ಟಿ ಬಿಡಿಸಿ ನೋಡಿದೆ. ದೈತ್ಯನ ಕಿವಿ ಹೂಕೋಸಿನಂತೆ ಬಂತು.

ವಾರ್ಡಿನ ಸಿಸ್ಟರ್ ಕೆಳಗೆ ನಿಂತು ನೋಡಿದರು. "ಇದೇನು, ಕಿವೀನಾ?"

"ಆಗುತ್ತೆ ಸಿಸ್ಟರ್."

"ನೋಡಮ್ಮ, ಮುಂದಿನ ತಿಂಗಳ ಮೊದಲ ಸೋಮವಾರ ಮಕ್ಕಳು ಬರ್ತಾರೆ. ಭಾನುವಾರ ಸಂಜೆಗೆ ಗೋಡೆ ಮುಗಿದಿಲ್ಲ ಅಂದ್ರೆ ಬಣ್ಣದ ಮೇಸ್ತ್ರಿ ಬಂದು ಪೂರ್ತಿ ತಿಳಿ ಹಸಿರು ಹೊಡೀತಾನೆ. ಡಬ್ಬಿ ಆಗ್ಲೇ ತರಿಸಿಟ್ಟಿದಾರೆ. ಅರ್ಧ ದೈತ್ಯನ್ನ ತೋರಿಸಿ ಮಕ್ಕಳಿಗೆ ಜ್ವರ ಬರಿಸೋಕಾಗಲ್ಲ."

"ಮುಗಿಸಿಕೊಡ್ತೀನಿ. ಮಾತು ಕೊಟ್ಟಿದೀನಲ್ಲ."

ಹಾಗೆ ಅಂದುಬಿಟ್ಟೆ. ಇನ್ನು ಹತ್ತೊಂಬತ್ತು ದಿನ ಉಳಿದಿತ್ತು.

ಡಾಕ್ಟರು ಎಕ್ಸ್‌ರೇ ತೆಗೆಸಿ, ಕೈಯನ್ನು ಅತ್ತಿತ್ತ ತಿರುಗಿಸಿ, ಮೂಳೆ ಸರಿಯಿದೆ, ಏನೂ ಹರಿದಿಲ್ಲ, ಸ್ನಾಯು ಬಿಗಿದುಕೊಂಡಿದೆ ಅಂದರು. ಒಂದು ಚೀಟಿ ಬರೆದು, ಮೂರನೆಯ ಮಹಡಿಯಲ್ಲಿ ಕೈಯಿಂದಲೇ ಸ್ನಾಯು ಸಡಿಲಿಸುವ ಥೆರಪಿಯವರೊಬ್ಬರಿದ್ದಾರೆ, ಅಲ್ಲಿಗೆ ಹೋಗಿ ಅಂದರು.

ಅಜ್ಜಿಯೂ ಜೊತೆಗೆ ಬಂದಳು. ಎಲ್ಲಿಗೆ ಹೋದರೂ ನಾವು ಹೀಗೇ. ನಾನು ಅರ್ಧ ಹೆಜ್ಜೆ ಮುಂದೆ, ಅವಳು ಹಿಂದೆ, ಅವಳ ಎಡಗೈ ನನ್ನ ಬಲ ಹೆಗಲ ಮೇಲೆ. ನನಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ದಿನ ರಸ್ತೆಯಂಚಿನಲ್ಲಿ ಅಜ್ಜಿ ಮುಗ್ಗರಿಸಿ ಬೀಳುವುದರಲ್ಲಿದ್ದಳು, ನಾನು ಹೆಗಲು ಕೊಟ್ಟು ನಿಲ್ಲಿಸಿದೆ. ಅಂದಿನಿಂದ ಅವಳ ಊರುಗೋಲು ನಾನೇ. ಹದಿಮೂರು ವರ್ಷವಾಯಿತು. ಈ ವಿಷಯದಲ್ಲಿ ನನಗೆ ಒಳಗೊಳಗೇ ಸ್ವಲ್ಪ ಜಂಭವಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಥೆರಪಿಯವರ ಕೋಣೆ ಚಿಕ್ಕದು. ಎತ್ತರದ ಒಂದು ಹಾಸಿಗೆ, ಮುಖ ಇಡಲು ಅದರಲ್ಲೊಂದು ತೂತು, ಮಡಿಸಿಟ್ಟ ಬಿಳಿ ಬಟ್ಟೆಗಳು, ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ನು. ಐವತ್ತರ ಹೆಂಗಸು. ಕೈಗಳು ಮಾತ್ರ ಬೇರೆ ಯಾರದೋ ದೊಡ್ಡ ಮೈಯಿಂದ ತಂದು ಜೋಡಿಸಿದ ಹಾಗಿದ್ದವು.

ಅಜ್ಜಿ ನನ್ನ ಕಿವಿಯಲ್ಲಿ, "ಆ ಕೈ ನೋಡಿದ್ಯಾ? ನಿನ್ನನ್ನ ಹಿಟ್ಟು ನಾದಿದ ಹಾಗೆ ನಾದ್ತಾಳೆ" ಅಂದಳು.

"ಕೇಳಿಸ್ತು ಅಜ್ಜೀ. ನೀವು ಆ ಪರದೆ ಆಚೆ ಕೂತ್ಕೊಳ್ಳಿ" ಅಂದರು ಥೆರಪಿಯವರು, ನಗುತ್ತ.

ಮೊದಲು ಬರೀ ಪ್ರಶ್ನೆ. ಎಂದಾದರೂ ಬಿದ್ದಿದ್ದೀರಾ, ಬೆರಳು ಜೋಮು ಹಿಡಿಯುತ್ತದಾ, ಏನು ಮಾತ್ರೆ ನುಂಗುತ್ತೀರಿ, ಯಾವ ಮಗ್ಗುಲಿಗೆ ಮಲಗುತ್ತೀರಿ. ಹತ್ತರಲ್ಲಿ ನೋವು ಎಷ್ಟು?

"ಏಳು. ಮೋಡ ಕವಿದರೆ ಎಂಟು."

"ಸರಿ. ನಾನು ಒತ್ತುವಾಗ ಆರು ದಾಟಿದರೆ ಹೇಳಿಬಿಡಬೇಕು. ಇಲ್ಲಿ ಶೂರತನ ತೋರಿಸಿದವರಿಗೆ ಬಹುಮಾನ ಇಲ್ಲ. ಸಾಕು ಅಂದ್ರೆ ಸಾಕು, ಆ ಕ್ಷಣ ನಿಲ್ಲಿಸ್ತೀನಿ. ಅಳು ಬರಬಹುದು, ನಗು ಬರಬಹುದು, ಹೊಟ್ಟೆ ಗುರ್ ಅನ್ನಬಹುದು. ನಾಚ್ಕೋಬೇಡಿ. ನಾಳೆ ಏಣಿಯಿಂದ ಬಿದ್ದಷ್ಟು ಮೈನೋವು ಇರುತ್ತೆ, ನಾಡಿದ್ದು ಇಳಿಯುತ್ತೆ. ಒಂದೇ ದಿನಕ್ಕೆ ವಾಸಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಾನು ಹೇಳಿದ್ರೂ."

ಬೋರಲು ಮಲಗಿದೆ. ಕುತ್ತಿಗೆ ಲಟಕ್ ಅನ್ನಿಸುತ್ತಾರೆ, ಮೊಣಕೈಯಿಂದ ಕುಟ್ಟುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ. ಅವರು ನನ್ನ ಪಾದ ಹಿಡಿದುಕೊಂಡು ಸುಮ್ಮನೆ ಕೂತರು. ಒಂದು ನಿಮಿಷ, ಎರಡು ನಿಮಿಷ. ನೋವಿರುವುದು ಹೆಗಲಲ್ಲಿ, ಈ ಅಮ್ಮ ಪಾದದಲ್ಲಿ ಏನು ಹುಡುಕುತ್ತಿದ್ದಾರೆ?

"ಕಚ್ಚಿದ ಹಲ್ಲು ಸಡಿಲ ಬಿಡಿ" ಅಂದರು.

ಬೆಚ್ಚಿಬಿದ್ದೆ. ಪಾದ ಹಿಡಿದವರಿಗೆ ಹಲ್ಲು ಕಚ್ಚಿದ್ದು ಗೊತ್ತಾಗುವುದೆಂದರೇನು! ದವಡೆ ಬಿಟ್ಟೆ. ಹೊಟ್ಟೆ ನಿಜಕ್ಕೂ ಗುರ್ ಅಂದಿತು. ಪರದೆಯ ಆಚೆಯಿಂದ ಅಜ್ಜಿ, "ಬೆಳಿಗ್ಗೆ ತಿನ್ನು ಅಂದ್ರೆ ತಿನ್ನಲಿಲ್ಲ" ಅಂದಳು.

ಆಮೇಲೆ ಬೆನ್ನಿಗೆ ಬಂದರು. ಬೆಚ್ಚಗಿನ ಅಂಗೈ ನಿಧಾನವಾಗಿ ಸರಿಯುತ್ತ, ಗಂಟು ಸಿಕ್ಕಲ್ಲಿ ನಿಂತು, ನಾನು ಉಸಿರು ಬಿಟ್ಟಾಗ ಮಾತ್ರ ಒಳಗಿಳಿಯುತ್ತಿತ್ತು. ಗಂಟಿನ ಬಾಗಿಲು ತಟ್ಟಿ, ಒಳಗಿನವರು ಬಂದು ತೆಗೆಯುವವರೆಗೆ ಕಾದಂತೆ. ನಾನು ಎಲ್ಲೋ ತೇಲಿಹೋಗುತ್ತಿದ್ದೆ. ಆಗ ಅವರ ಕೈ ಬಲ ಹೆಗಲ ಮೇಲೆ ಬಂದು ಕೂತಿತು. ಒತ್ತಲಿಲ್ಲ, ಬರೀ ಕೂತಿತು.

ನನ್ನ ಹೆಗಲು ಎದ್ದಿತು.

ಎರಡು ಬೆರಳಿನಷ್ಟು ಕಿವಿಯ ಕಡೆಗೆ ಸರಿದು, ಕೈಯನ್ನು ಹೊತ್ತು ನಿಂತಿತು. ಅವರು ಕೈ ತೆಗೆದರು, ಹೆಗಲು ಇಳಿಯಿತು. ಮತ್ತೆ ಇಟ್ಟರು, ಮತ್ತೆ ಎದ್ದಿತು. ಎಡ ಹೆಗಲ ಮೇಲೆ ಇಟ್ಟರೆ ಅದು ತಣ್ಣಗೆ ಮಲಗೇ ಇತ್ತು.

"ನೀವೇ ಎತ್ತುತ್ತಾ ಇದೀರಾ?"

"ಇಲ್ಲ! ನಾನೇನೂ ಮಾಡ್ತಿಲ್ಲ!" ನನ್ನದೇ ಮೈ, ನನ್ನನ್ನು ಒಂದು ಮಾತೂ ಕೇಳದೆ, ಕರೆದ ನಾಯಿಯ ಹಾಗೆ ಎದ್ದು ಓಡುತ್ತಿದೆ. ಇನ್ನೇನೇನು ಮಾಡುತ್ತಿದೆಯೋ ನನಗೆ ಹೇಳದೆ!

"ಇಲ್ಲಿ ಯಾರು ಕೈ ಇಡ್ತಾರೆ?" ಎಂದು ಕೇಳಿದರು.

ಪರದೆಯ ಆಚೆ ಅಜ್ಜಿಯ ಕುರ್ಚಿ ಕಿರ್ ಅಂದಿತು.

ನಾನು ಎದ್ದು, ಅಂಗಿ ಹಾಕಿಕೊಂಡು, ಒಂದು ಲೋಟ ನೀರು ಕುಡಿದ ಮೇಲೆ ಅವರು ನಮ್ಮಿಬ್ಬರನ್ನೂ ಕಾರಿಡಾರಿಗೆ ಕರೆದೊಯ್ದರು. "ನೀವು ದಿನಾ ಹೇಗೆ ನಡೀತೀರೋ ಹಾಗೆ ನಡೆದು ತೋರಿಸಿ."

ನಡೆದೆವು. ನಾಲ್ಕು ಹೆಜ್ಜೆಯಾದ ಮೇಲೆ ಥೆರಪಿಯವರು ಪಕ್ಕಕ್ಕೆ ಬಂದು, ಅಜ್ಜಿಯ ಅಂಗೈಗೂ ನನ್ನ ಹೆಗಲಿಗೂ ನಡುವೆ ತಮ್ಮ ಎರಡು ಬೆರಳು ತೂರಿಸಿ ನಮ್ಮ ಜೊತೆಗೇ ನಡೆದರು. ಅವರ ಹುಬ್ಬು ಮೇಲೇರಿತು.

"ಅಜ್ಜೀ, ನೀವು ಭಾರ ಹಾಕ್ತಾನೇ ಇಲ್ವಲ್ಲ. ಬರೀ ಬಟ್ಟೆ ಹಿಡ್ಕೊಂಡಿದೀರಿ."

"ನಾನ್ಯಾಕಮ್ಮ ಭಾರ ಹಾಕ್ಲಿ?" ಅಂದಳು ಅಜ್ಜಿ. "ಹಿಡ್ಕೊಂಡಿರೋದು ಇವಳು ಎಲ್ಲೂ ಬೀಳದೇ ಇರ್ಲಿ ಅಂತ."

ನಾನು ಗರಬಡಿದವಳಂತೆ ನಿಂತೆ. "ಯಾರು? ನಾನಾ?"

"ಮತ್ತಿನ್ಯಾರು? ಬೋರ್ಡು ಕಂಡ್ರೆ ಸಾಕು ಬಾಯಿ ಬಿಟ್ಕೊಂಡು ರಸ್ತೆಗಿಳೀತೀಯ. ಅವತ್ತು ಬಸ್ಸಿಗೆ ಸಿಕ್ತಿರ್ಲಿಲ್ವಾ?"

"ಅವತ್ತು ಬೀಳ್ತಿದ್ದದ್ದು ನೀನು! ನಾನು ಹಿಡ್ಕೊಂಡೆ!"

"ಆಹಾ! ಯಾರೋ ಏಣಿ ಮೇಲೆ ಕೂತು ಬಂಗಾರದ ಬಣ್ಣದಲ್ಲಿ ಅಕ್ಷರ ಬರೀತಿದ್ದ. ನೀನು ಅದನ್ನೇ ನೋಡ್ತಾ ಫುಟ್‌ಪಾತ್ ಬಿಟ್ಟು ಕೆಳಗೆ ಕಾಲಿಟ್ಟೆ. ಬಸ್ಸು ಕಿರ್ರ್ ಅಂತು. ನಿನ್ನ ಹೆಗಲು ಹಿಡಿದು ಎಳೆಯೋಕೆ ಹೋಗಿ ನಾನು ಮುಗ್ಗರಿಸಿದೆ. ಅವತ್ತಿಂದ ಕೈ ಬಿಟ್ಟಿಲ್ಲ."

ಬಂಗಾರದ ಅಕ್ಷರ ನನಗೂ ನೆನಪಿತ್ತು. ಬಸ್ಸು ಒಂದು ಚೂರೂ ನೆನಪಿರಲಿಲ್ಲ.

"ನನ್ನ ಕಾಲಿಗೇನಾಗಿದೆ?" ಎಂದು ಅಜ್ಜಿ ಕೈ ತೆಗೆದು ಕಾರಿಡಾರಿನ ಕೊನೆಯವರೆಗೆ ಒಬ್ಬಳೇ ಚಟಚಟ ನಡೆದು, ಕಿಟಕಿಯ ಗಾಜು ಮುಟ್ಟಿ ವಾಪಸು ಬಂದಳು. ಉಸಿರೂ ಏರಿರಲಿಲ್ಲ. "ನೀನು ಕೆಲಸಕ್ಕೆ ಹೋದ ಮೇಲೆ ದಿನಾ ಎರಡು ಸಲ ತಾರಸಿ ಹತ್ತಿ ಇಳೀತೀನಿ. ಬಟ್ಟೆ ಯಾರು ಒಣಗಿಸ್ತಾರೆ ಅಂದ್ಕೊಂಡಿದ್ದೆ, ದೈತ್ಯನಾ?"

ಹದಿಮೂರು ವರ್ಷ ನಾನು ಅವಳನ್ನು ಹೊತ್ತೆ ಅಂದುಕೊಂಡಿದ್ದೆ. ಅವಳು ನನ್ನನ್ನು ಕಾಪಾಡಿದೆ ಅಂದುಕೊಂಡಿದ್ದಳು. ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಕೇಳಿರಲಿಲ್ಲ.

"ನಾನು ಗಂಟು ಸಡಿಲಿಸಬಹುದು" ಅಂದರು ಥೆರಪಿಯವರು. "ಆದ್ರೆ ಮೆಟ್ಟಿಲಿಳಿಯುವಾಗ ಅಜ್ಜಿ ಮತ್ತೆ ಅಲ್ಲೇ ಕೈ ಇಟ್ರೆ ಅದು ಮತ್ತೆ ಏರುತ್ತೆ. ಅಭ್ಯಾಸ ಹಾಗೆ. ಇವತ್ತಿಂದ ಆ ಹೆಗಲು ಯಾರಿಗೂ ಬೇಡ. ವಾರಕ್ಕೊಂದು ಸಲ ಬನ್ನಿ. ನಿಮ್ಮ ಗೋಡೆ ಮುಗಿಯಬೇಕಾದ ಭಾನುವಾರಕ್ಕೆ ಕೈ ಎಷ್ಟು ಏರುತ್ತೋ ನಾನು ಆಣೆ ಮಾಡಲ್ಲ."

ಬೀದಿಗೆ ಬಂದೆವು. ಅಜ್ಜಿಗೆ ತನ್ನ ಎಡಗೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದಳು, ಸೊಂಟಕ್ಕಿಟ್ಟಳು, ಕೊನೆಗೆ ನನ್ನ ಬಣ್ಣದ ಚೀಲ ಕಿತ್ತುಕೊಂಡು ಅದಕ್ಕೊಂದು ಕೆಲಸ ಕೊಟ್ಟಳು. ನನ್ನ ಹೆಗಲ ಮೇಲೆ ಗಾಳಿ ತಣ್ಣಗೆ ಸುಳಿಯಿತು, ಅಲ್ಲಿನ ಚರ್ಮಕ್ಕೆ ಈಗಷ್ಟೇ ಬಾಗಿಲು ತೆರೆದ ಹಾಗೆ. ಅವಳು ಬಿದ್ದಳೋ ಏನೋ ಎಂದು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ ನಡೆದೆ. ಹಾಗೆ ನೋಡುತ್ತಲೇ ಹೋಗಿ ಅಂಚೆಡಬ್ಬಿಗೆ ಢಿಕ್ಕಿ ಹೊಡೆದೆ.

"ನೋಡಿದ್ಯಾ? ನೋಡಿದ್ಯಾ ಮೈಮರೆತವಳೇ?" ಅಜ್ಜಿ ಗೆದ್ದವಳಂತೆ ಕೂಗಿದಳು. ಆದರೂ ಹೆಗಲು ಹಿಡಿಯಲಿಲ್ಲ. ಹಣೆ ಮಾತ್ರ ಉಜ್ಜಿದಳು.

ಮರುದಿನ ಹೇಳಿದ ಹಾಗೇ ಮೈಯೆಲ್ಲ ನೋವು. ಮೂರನೆಯ ದಿನ ಇಳಿಯಿತು. ದಿನಾ ಬೆಳಿಗ್ಗೆ ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲೆ ಹತ್ತಿಸಬೇಕಿತ್ತು. ಅಜ್ಜಿ ಪಕ್ಕದಲ್ಲಿ ನಿಂತು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಅವಳ ಗೆರೆಗಳು ಪ್ರಾಮಾಣಿಕವಾಗಿದ್ದವು, ಒಂದು ಕೂದಲೂ ಹೆಚ್ಚಿಗೆ ಕೊಡುತ್ತಿರಲಿಲ್ಲ.

ಎರಡನೆಯ ಸಲ ಥೆರಪಿಯವರು ಅದೇ ಜಾಗದಲ್ಲಿ ಕೈಯಿಟ್ಟಾಗ ಹೆಗಲು ಏಳುವುದನ್ನು ನಾನೇ ಹಿಡಿದೆ. "ಎದ್ದಿತು" ಅಂದೆ. "ಹೌದು, ಆ ಹೆಗಲಿಗೇ ಹೇಳಿ" ಅಂದರು. ಏನೆಂದು ಹೇಳಲಿ? ಅಜ್ಜಿ ಬೀಳಲ್ಲ ಕಣೇ, ಅಂದೆ ಮನಸ್ಸಿನಲ್ಲೇ. ಹೆಗಲು ನಡುಗಿತು. ಒಳಗೆ ಏನೋ ಪಟಪಟನೆ ಹಾರಿ, ಬಿಟ್ಟುಕೊಟ್ಟಿತು. ಅಳು ಎಲ್ಲಿಂದ ಬಂತೋ, ಆ ಹಾಸಿಗೆಯ ತೂತಿನಿಂದ ಕಣ್ಣೀರು ನೇರ ನೆಲಕ್ಕೆ ಟಪ್ ಟಪ್ ಬಿತ್ತು. ಅಷ್ಟು ಹಗುರವಾಗಿದ್ದಕ್ಕೆ ನನಗೆ ಹೆದರಿಕೆಯೇ ಆಯಿತು. ಅವರು ಒಂದು ಬಟ್ಟೆ ಕೊಟ್ಟರು. ಪರದೆಯ ಆಚೆ ಅಜ್ಜಿ ಜೋರಾಗಿ ಮೂಗು ಸೀಟಿದಳು.

ಮೂರನೆಯ ಸಲ ಮುಗಿಸಿದಾಗ ಶನಿವಾರ. ಬೆರಳು ತಲೆಯ ಮೇಲಕ್ಕೆ ಹೋಯಿತು. ಪೂರ್ತಿ ಅಲ್ಲ, ಆದರೂ ಹೋಯಿತು. "ಹತ್ತು ನಿಮಿಷ ಬಿಡಿಸಿ, ಐದು ನಿಮಿಷ ಕೈ ಇಳಿಬಿಡಿ" ಎಂದು ಕಟ್ಟುನಿಟ್ಟು ಮಾಡಿ ಕಳಿಸಿದರು.

ಭಾನುವಾರ ಬೆಳಿಗ್ಗೆ ಏಣಿ ಹತ್ತಿದೆ. ಹಸಿರು ಬಣ್ಣದ ಡಬ್ಬಿಗಳು ಬಾಗಿಲ ಬಳಿ ಸಾಲಾಗಿ ಕೂತಿದ್ದವು. ಸಿಸ್ಟರ್ ಗಡಿಯಾರ ನೋಡುತ್ತ ಓಡಾಡುತ್ತಿದ್ದರು. ಅಜ್ಜಿ ಕೆಳಗೆ ಏಣಿಯ ಕಾಲು ಹಿಡಿದು ನಿಂತಿದ್ದಳು.

"ನನ್ನನ್ನ ಹಿಡೀಬೇಡ" ಅಂದೆ.

"ನಿನ್ನನ್ನ ಯಾರು ಹಿಡಿದ್ರು? ಏಣಿ ಹಿಡಿದಿದೀನಿ."

ಹೂಕೋಸಿನ ಕಿವಿ ಅಳಿಸಿ ಹೊಸ ಕಿವಿ ಕೊಟ್ಟೆ. ಕಣ್ಣು, ಮೂಗು, ಕೂದಲು ಬಂದವು. ಮಧ್ಯಾಹ್ನವಾಯಿತು. ಇನ್ನು ಬೆಟ್ಟ. ಕುಂಚ ಹೆಗಲ ಬಳಿ ಹೋಗಿ ನಿಂತಿತು.

"ಅಜ್ಜೀ, ನಿಜ ಹೇಳು. ಕತೆ ಕೊನೆಗೆ ಏನಾಯ್ತು?"

ಅಜ್ಜಿ ಏಣಿಯ ಕಾಲು ಬಿಡದೆ ತಲೆ ಎತ್ತಿ ನೋಡಿದಳು. "ನಮ್ಮಜ್ಜಿ ಹೇಳುವಾಗ ನಾನೂ ನಿದ್ದೆ ಹೋಗ್ತಿದ್ದೆ" ಅಂದಳು. "ನನಗೂ ಗೊತ್ತಿಲ್ಲ."

ಏಣಿ ಅಲುಗುವಷ್ಟು ನಕ್ಕೆ. ಆಮೇಲೆ ದೈತ್ಯನ ಹೆಗಲನ್ನು ಖಾಲಿ ಬಿಟ್ಟೆ. ಏಣಿಯನ್ನು ಪಕ್ಕಕ್ಕೆ ಸರಿಸಿ, ಅವನ ಮಗ್ಗುಲಲ್ಲಿ, ಅವನಿಗಿಂತ ಒಂದು ತಲೆ ಎತ್ತರಕ್ಕೆ ಬೆಟ್ಟವನ್ನು ನಿಲ್ಲಿಸಿದೆ. ನೂರು ವರ್ಷದಲ್ಲಿ ಮರಿಬೆಟ್ಟ ಬೆಳೆಯದೆ ಇರುತ್ತದೆಯೇ? ತನ್ನ ಕಾಲ ಮೇಲೆ ತಾನೇ ನಿಂತ ಬೆಟ್ಟ. ಹುಲ್ಲು, ಮರ, ಹಕ್ಕಿ. ಹತ್ತು ನಿಮಿಷ ಬಿಡಿಸಿದೆ, ಐದು ನಿಮಿಷ ಕೈ ಇಳಿಬಿಟ್ಟೆ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಸರಿಯಿತು. ಮೇಸ್ತ್ರಿ ಬಂದು, ಡಬ್ಬಿಯ ಮೇಲೆ ಕೂತು, ಬಾಯಿ ತೆರೆದು ನೋಡತೊಡಗಿದ.

ಶಿಖರ ಒಂದು ಉಳಿದಿತ್ತು, ಚಾವಣಿಯಿಂದ ಒಂದು ಗೇಣು ಕೆಳಗೆ. ಕೈ ಎತ್ತಿದೆ. ಹೆಗಲು ಮೊದಲು ತಾನು ಏಳಲು ನೋಡಿತು. ನೀನಿರು, ಎಂದೆ ಅದಕ್ಕೆ. ಅದು ಇಳಿಯಿತು, ಕೈ ಮಾತ್ರ ಮೇಲೆ ಹೋಯಿತು. ಕುಂಚದ ತುದಿ ಎಡಗಡೆಯಿಂದ ಹತ್ತಿ, ನೆತ್ತಿ ಮುಟ್ಟಿ, ಬಲಗಡೆಗೆ ಇಳಿದು ಮೊದಲಿನ ಗೆರೆಯನ್ನು ಕೂಡಿತು.

"ಆಯ್ತಾ?" ಅಜ್ಜಿ ಕೇಳಿದಳು.

"ಆಯ್ತು."

ಸಿಸ್ಟರ್ ಮೇಸ್ತ್ರಿಯ ಕಡೆ ತಿರುಗಿ, "ಡಬ್ಬಿ ತಗೊಂಡು ಹೋಗಪ್ಪ" ಅಂದರು.