ಬಾಗಿಲ ಬಳಿ ಎರಡು ಲೋಟ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಜರಡಿ ಅಂತಲೇ ಕರೆಯುತ್ತಿದ್ದರು. ಬೈಗುಳವಲ್ಲ, ಮೆಚ್ಚಿ ಇಟ್ಟ ಹೆಸರು. ಅದು ಫೋನಿನಲ್ಲಿ ಆಡುವ ಒಂದು ಆಟವನ್ನು ತಯಾರಿಸುವ ಕಂಪನಿ. ಗುಂಡು ಹಾರಿಸುವ, ತಲೆ ಕಡಿಯುವ ಆಟವಲ್ಲ. ಒಂದು ಪುಟ್ಟ ಊರು, ಅದರಲ್ಲಿ ನಿಮಗೊಂದು ಮನೆ. ಗಿಡಕ್ಕೆ ನೀರು ಹಾಕಿ, ಪಕ್ಕದ ಮನೆಯವರ ಜೊತೆ ಹರಟೆ ಹೊಡೆಯಿರಿ, ಹಾಯಾಗಿ ಮಲಗಿ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಆಡಿದವರು ಬರೆದು ಕಳಿಸುವ ಅಭಿಪ್ರಾಯಗಳನ್ನು ಓದಿ ನಾಲ್ಕು ಡಬ್ಬಿಗೆ ಹಾಕುವುದು ಅವಳ ಕೆಲಸ: ಹೊಗಳಿಕೆ, ದೂರು, ಬೇಡಿಕೆ, ಹೊಟ್ಟು. ಬರೆದವರ ಹೆಸರು ಕಾಣಿಸುವುದಿಲ್ಲ, ಬರೀ ಮಾತು. ಯಾರೋ ಒಬ್ಬರ ಮನೆಗಷ್ಟೇ ಸಂಬಂಧಪಟ್ಟ ಮಾತು ಹೊಟ್ಟು ಎಂಬ ನಿಯಮ ಮಾಡಿದವಳೂ ಅವಳೇ. ಕಣ್ಣು ಸಾಲಿನ ಕೊನೆ ಮುಟ್ಟುವ ಮೊದಲೇ ಅವಳ ಬೆರಳು ತೀರ್ಪು ಕೊಟ್ಟುಬಿಡುತ್ತಿತ್ತು.

ಗಂಡ ಬಸ್ ಡ್ರೈವರ್, ದೂರದ ಊರಿನ ಬಸ್ಸು. ಸಂಜೆ ಇವಳು ಮನೆ ಸೇರುವ ಹೊತ್ತಿಗೆ ಅವನು ಡಿಪೋಗೆ ಹೊರಟಿರುತ್ತಿದ್ದ. ಬೆಳಿಗ್ಗೆ ಅವನು ಹೊಸ್ತಿಲಲ್ಲಿ ಶೂ ಬಿಚ್ಚುವಾಗ ಇವಳು ಅದೇ ಹೊಸ್ತಿಲಲ್ಲಿ ಚಪ್ಪಲಿ ಹಾಕುತ್ತಿದ್ದಳು. ಗ್ಯಾಸ್ ಮುಗಿದಿದೆ, ಹಾಲು ಒಡೆದಿದೆ, ಮನೆ ಮಾಲೀಕ ಬಂದಿದ್ದ, ಇಷ್ಟರಲ್ಲಿ ದಿನದ ಮಾತು ಮುಗಿಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಇವಳ ಅಮ್ಮ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದಳು. ಗಾದೆ ಮಾಡಿದವರಿಗೆ ಇಂಥ ಸಂಸಾರದ ಅಂದಾಜು ಇರಲಿಲ್ಲ, ಪಾಪ. ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿದ್ದರೆ ಜಗಳ ಮುಗಿಯುವುದು ಯಾವಾಗ?

ಮುಗಿಯುತ್ತಿದ್ದುದು ಆಟದೊಳಗೆ. ಮದುವೆಯಾದ ಹೊಸದರಲ್ಲಿ ಇವಳು ಆಟವನ್ನು ಅವನ ಫೋನಿಗೆ ಹಾಕಿ ಕೊಟ್ಟಾಗ, "ಮಾಡೋಕೆ ಬೇರೆ ಕೆಲಸ ಇಲ್ವಾ ನಿನಗೆ?" ಅಂದಿದ್ದ. ಅಂದವನೇ ಬಸ್ಸು ನಿಲ್ಲಿಸಿದ ಊರಿನಲ್ಲಿ ಕೂತು ಆಡತೊಡಗಿದ. ಇಬ್ಬರಿಗೂ ಸೇರಿ ಒಂದೇ ಮನೆ. ಒಮ್ಮೆ ಯಾವುದೋ ಕ್ಷುಲ್ಲಕ ಕಾರಣಕ್ಕೆ ಮುನಿಸಿಕೊಂಡು ಹೋದವನು ಆಟದ ಮನೆಯ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಇವಳು ಸಂಜೆ ನೋಡಿ ನಕ್ಕು, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದಳು. ಮರುದಿನ ಬೆಳಿಗ್ಗೆ ಅವನು ಹೊಸ್ತಿಲಲ್ಲಿ ನಗುತ್ತ ನಿಂತಿದ್ದ.

ಅಲ್ಲಿಂದ ಅದೇ ಅವರ ಭಾಷೆಯಾಯಿತು. ಒಲೆಯ ಮೇಲೆ ಪಾತ್ರೆ ಇದ್ದರೆ ಊಟ ಮಾಡಿಟ್ಟಿದ್ದೇನೆ. ಬಾಗಿಲಿಗೆ ಅಡ್ಡ ಪೊರಕೆ ಇದ್ದರೆ ಇವತ್ತು ಗುಡಿಸುವ ಸರದಿ ನಿಮ್ಮದು. ಮಂಚದ ಮೇಲೆ ಎರಡು ದಿಂಬು ಒಂದಕ್ಕೊಂದು ತಾಗಿದ್ದರೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿಗೆ ಸಿಕ್ಕರೆ ನಾಚಿಕೆಯಿಂದ ಬಾಯಿ ಕಟ್ಟುವ ಇಬ್ಬರೂ ಮರದ ಸಾಮಾನು ಸರಿಸಿ ಬೇಕಾದಷ್ಟು ಮಾತಾಡಿದರು. ಕೆಲವರು ಚೀಟಿ ಬರೆದಿಡುತ್ತಾರೆ, ಇವರು ಕುರ್ಚಿ ತಿರುಗಿಸುತ್ತಾರೆ. ಯಾರಿಗೇನು ನಷ್ಟ?

ಆಮೇಲೆ ಕಂಪನಿಯಲ್ಲಿ ಹೊಸ ವಿಸ್ತರಣೆಯ ಕೆಲಸ ಶುರುವಾಯಿತು. ಆಟಕ್ಕೆ ಮನೆ ಅಲಂಕಾರದ ದೊಡ್ಡ ಕಂತು: ಹೊಸ ಸೋಫಾ, ಪರದೆ, ದೀಪ, ಗೋಡೆಯ ಬಣ್ಣ. ಜೊತೆಗೆ ಒಂದು ಗುಂಡಿ, ಎಲ್ಲ ಎತ್ತಿಡು. ಒತ್ತಿದರೆ ಮನೆಯ ಅಷ್ಟೂ ಸಾಮಾನು ಅಟ್ಟಕ್ಕೆ ಹೋಗಿ ಮನೆ ಖಾಲಿ. ಒಂದೊಂದೇ ಎತ್ತಿಡುವುದು ಪ್ರಾಣಸಂಕಟ ಎಂದು ಜನ ಕೇಳುತ್ತಲೇ ಇದ್ದರು. ಆ ಬೇಡಿಕೆಯನ್ನು ಡಬ್ಬಿಯಿಂದ ಎತ್ತಿ ಹಿಡಿದು, ಹಟ ಮಾಡಿ ಮಾಡಿಸಿದವಳು ಜರಡಿ. ಆ ತಿಂಗಳುಗಳಲ್ಲಿ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ದಿನವಿಡೀ ಬೇರೆಯವರ ಮನೆಯ ಮಾತು ಕೇಳಿ ಬಂದವಳು ಸಂಜೆ ಆಟ ತೆರೆಯುವುದನ್ನೇ ಬಿಟ್ಟಳು. ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಿ ಕೂತದ್ದು ಅವಳಿಗೆ ಗೊತ್ತಾಗಲಿಲ್ಲ.

ವಿಸ್ತರಣೆ ಬಿಡುಗಡೆಯಾಗುವುದರ ಹಿಂದಿನ ವಾರ ಅವನು ಶೂ ಬಿಚ್ಚುತ್ತ ಹೇಳಿದ: "ಬೇರೆ ಊರಿನ ಡಿಪೋಗೆ ಕರೀತಿದ್ದಾರೆ. ಹಗಲು ಬಸ್ಸಂತೆ. ಮುಂದಿನ ವಾರ ಶುಕ್ರವಾರದೊಳಗೆ ಹೇಳ್ಬೇಕು."

"ನೀವೇನಂತೀರಿ?"

"ನೋಡೋಣ."

"ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ. ನಿನಗೆ ಹೊತ್ತಾಯ್ತು, ಹೊರಡು."

ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಅವನು ಹೋಗಿಬಿಡುತ್ತಾನೆ ಎಂದು ಅವಳಿಗೆ ಭಯವಾಯಿತು. ಹೋಗಬೇಡಿ ಅನ್ನಬೇಕು. ಹೇಗೆ ಅನ್ನುವುದು? ಹೊಸ್ತಿಲಲ್ಲಿ ನಿಂತು ಅಂಥ ಮಾತಾಡಿ ಇಬ್ಬರಿಗೂ ಅಭ್ಯಾಸವಿಲ್ಲ. ವಿಸ್ತರಣೆ ಬರಲಿ, ಹೊಸ ಸಾಮಾನಿನಲ್ಲೇ ಹೇಳುತ್ತೇನೆ ಅಂದುಕೊಂಡಳು. ಆ ಮನೆಯನ್ನು ಎಷ್ಟು ಚೆಂದ ಮಾಡುತ್ತೇನೆ ಅಂದರೆ, ನೋಡಿದವನಿಗೆ ಬಿಟ್ಟುಹೋಗಲು ಮನಸ್ಸಾಗಬಾರದು. ಅವನ ಜೊತೆ ತಾನೂ ಹೊರಡಬಹುದು ಎಂಬುದು ಅವಳ ತಲೆಗೆ ಬರಲೇ ಇಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಎಲ್ಲ ಕೆಟ್ಟದ್ದು ಅಲ್ಲೇ.

ಸೋಮವಾರ ವಿಸ್ತರಣೆ ಬಂತು. ಸಂಜೆ ಮನೆಗೆ ಬಂದವಳು ಕೈಕಾಲು ಕೂಡ ತೊಳೆಯದೆ ಮಂಚದ ಅಂಚಿನಲ್ಲಿ ಕೂತು ಆಟ ತೆರೆದಳು. ಬಹಳ ದಿನಗಳ ಮೇಲೆ ತೆರೆದದ್ದು. ಮನೆ ತುಂಬ ಹಳೆಯ ಸಾಮಾನು, ಅಲ್ಲಲ್ಲಿ ಚದುರಿದ ಹಾಗೆ ಕಂಡಿತು. ಬಾಗಿಲ ಬಳಿಯೂ ಏನೋ ಇತ್ತು. ಅಭ್ಯಾಸದ ಬೆರಳು ಅದು. ಎಲ್ಲ ಎತ್ತಿಡು ಒತ್ತಿದಳು. ಒಂದೇ ಏಟಿಗೆ ಮನೆ ಬಟಾಬಯಲು. ಆಮೇಲೆ ಜನ ಹೊಗಳಿದ್ದನ್ನೆಲ್ಲ ನೆನಪಿಸಿಕೊಂಡು ಒಂದೊಂದಾಗಿ ಇಟ್ಟಳು. ನಡುಮನೆಯಲ್ಲಿ ಜೋಡಿ ಸೋಫಾ, ಕಿಟಕಿಗೆ ಹಳದಿ ಪರದೆ, ಬಾಗಿಲ ಬಳಿ ದೊಡ್ಡ ಹೂಕುಂಡ. ಎಲ್ಲೂ ಅಲುಗಾಡದ, ಬೇರು ಬಿಟ್ಟ ಮನೆ ಅನ್ನಿಸಬೇಕು ಅವನಿಗೆ.

ಅನ್ನಿಸಿತು. ಬೆಳಿಗ್ಗೆ ಹೊಸ್ತಿಲಲ್ಲಿ ಅವನೇ ಮಾತೆತ್ತಿದ.

"ಮನೆ ಚೆನ್ನಾಗಿದೆ. ಎಲ್ಲ ನೀನೇ ಇಟ್ಟಿದ್ದಾ?"

"ಮತ್ತೆ? ಒಂದೊಂದೂ ನಾನೇ."

"ಹಳೇದೆಲ್ಲ?"

"ಅಟ್ಟಕ್ಕೆ. ಒಂದೇ ಗುಂಡಿ ರೀ, ಎಲ್ಲ ಖಾಲಿ." ಅವಳು ಹೆಮ್ಮೆಯಿಂದಲೇ ಹೇಳಿದಳು. "ಇಷ್ಟ ಆಯ್ತಾ?"

"ಹೂಂ."

ಅವನು ಬಹಳ ಹೊತ್ತು ಒಂದೇ ಶೂವಿನ ಲೇಸು ಬಿಚ್ಚುತ್ತಿದ್ದ. ಸುಸ್ತಾಗಿದೆ ಅಂದುಕೊಂಡು ಅವಳು ಮೆಟ್ಟಿಲು ಇಳಿದಳು. ಬಸ್ ಸ್ಟಾಪಿನವರೆಗೂ ಅವಳಿಗೆ ಖುಷಿಯೇ.

ಆ ವಾರ ಅಭಿಪ್ರಾಯಗಳು ಕಟ್ಟೆಯೊಡೆದು ಹರಿದವು. ನನ್ನ ನಿಜವಾದ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಇಲ್ಲಿ ಮೂರು ಸೋಫಾ ಇಟ್ಟಿದ್ದೇನೆ, ನಿಮ್ಮ ಹೊಟ್ಟೆ ತಣ್ಣಗಿರಲಿ. ಪರದೆ ಗಾಳಿಗೆ ಅಲುಗುವುದಿಲ್ಲ, ತಗಡಿನದ್ದೇ? ಮಂಚದ ಕೆಳಗೆ ಬೆಕ್ಕು ಹೋಗುತ್ತದೆ, ವಾಪಸ್ ಬರುತ್ತಿಲ್ಲ, ದಯವಿಟ್ಟು ಬೇಗ ಏನಾದರೂ ಮಾಡಿ. ಎಲ್ಲ ಎತ್ತಿಡು ಗುಂಡಿಯನ್ನು ಕಂಡುಹಿಡಿದವರ ಪಾದ ಎಲ್ಲಿದೆ? ಹೊಗಳಿಕೆ, ದೂರು, ಹೊಟ್ಟು, ಹೊಗಳಿಕೆ. ಬೆರಳು ಓಡುತ್ತಿತ್ತು. ಗುಂಡಿ ಗೆದ್ದಿತ್ತು.

ಆ ಕಂಪನಿಯಲ್ಲಿ ಒಂದು ಪದ್ಧತಿ. ಶನಿವಾರ ಮಧ್ಯಾಹ್ನದ ಮೀಟಿಂಗಿನ ಕೊನೆಯಲ್ಲಿ, ಹೊಟ್ಟಿನ ಡಬ್ಬಿಯಿಂದ ನಗು ಬರಿಸುವಂಥ ನಾಲ್ಕು ಅಭಿಪ್ರಾಯ ಆರಿಸಿ ಗಟ್ಟಿಯಾಗಿ ಓದಬೇಕು. ಓದುವವಳು ಜರಡಿ. ಮೇಲಧಿಕಾರಿಯನ್ನು ಅಲ್ಲಿ ದೊಡ್ಡಣ್ಣ ಅನ್ನುತ್ತಿದ್ದರು. ಅವನು ಅವತ್ತು ಸಂತೋಷದಲ್ಲಿದ್ದ.

"ಎಲ್ಲಿ ಜರಡಮ್ಮ, ಸ್ವಲ್ಪ ಹೊಟ್ಟು ತೂರು ನೋಡೋಣ," ಅಂದ.

ಬೆಕ್ಕಿನದ್ದು ಓದಿದಳು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯದಕ್ಕೆ, ನಮ್ಮ ಮನೆಯವಳು ಅನ್ನುವುದಷ್ಟೇ ಕಣ್ಣಿಗೆ ಬಿದ್ದು ಹೊಟ್ಟಿಗೆ ಹಾಕಿ ಆರಿಸಿಟ್ಟಿದ್ದ ಒಂದನ್ನು ತೆರೆದಳು. ಮಂಗಳವಾರ ಬಂದದ್ದು.

"ನಿಮ್ಮ ಗುಂಡಿ ಒತ್ತುವ ಮುಂಚೆ, ಒಮ್ಮೆ ನೋಡಿದಿರಾ ಅಂತ ಆಟ ಒಂದು ಮಾತು ಕೇಳಬೇಕು. ಯಾಕೆಂದರೆ ಬಾಗಿಲ ಹತ್ತಿರ ನಾನೊಂದು ಸೂಟ್‌ಕೇಸು, ಪಕ್ಕದಲ್ಲಿ ಎರಡು ಲೋಟ ಇಟ್ಟಿದ್ದೆ. ನಮ್ಮ ಮನೆಯವಳು ಎತ್ತಿಟ್ಟಳು."

ಯಾರೋ ಕಿಸಕ್ಕನೆ ನಕ್ಕರು. "ಪಾಪ, ಹೆಂಡತಿ ಕೈಗೆ ಸಿಕ್ಕಿದ್ದಾನೆ ಬಡಪಾಯಿ," ಅಂದರು ಇನ್ನೊಬ್ಬರು. ನಗು ಕೋಣೆಯ ತುಂಬ ಹಬ್ಬಿತು. ಅವಳ ಬಾಯಿ ಓದುತ್ತಲೇ ಇತ್ತು, ನಿಲ್ಲಿಸಲು ಅವಳಿಗೆ ತಿಳಿಯಲಿಲ್ಲ.

"ಬೇಕೂಂತ ಎತ್ತಿಟ್ಟಳೋ, ನೋಡದೆ ಎತ್ತಿಟ್ಟಳೋ ಗೊತ್ತಾಗಲಿಲ್ಲ. ಕೇಳೋಣ ಅಂದರೆ ಬಾಯಿ ಬರಲಿಲ್ಲ. ಇವನ್ನೆಲ್ಲ ಓದುವವರು ಒಬ್ಬರಿದ್ದಾರಂತೆ, ಅವರು ಓದಿದರೆ ಸಾಕು. ಶುಕ್ರವಾರದವರೆಗೂ ಕಾಯುತ್ತೇನೆ. ಸೋಫಾ ಚೆನ್ನಾಗಿದೆ."

ನಗು ಇನ್ನೂ ನಡೆದಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ನಡೆದಳು. "ಏನಾಯ್ತೇ?" ಅಂತ ದೊಡ್ಡಣ್ಣ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ಮಲಗಿದ್ದವನು ಎದ್ದು ಎತ್ತಿಕೊಂಡ.

"ರೀ, ನಾನು ನೋಡ್ಲಿಲ್ಲ ರೀ. ಸೂಟ್‌ಕೇಸು. ಬೇಕೂಂತ ತೆಗೆದದ್ದಲ್ಲ. ಆಣೆ ಮಾಡಿ ಹೇಳ್ತೀನಿ, ನೋಡ್ಲೇ ಇಲ್ಲ."

ಆ ಕಡೆ ಅವನು ಫ್ಯಾನ್ ಆರಿಸಿದ ಸದ್ದು.

"ಮತ್ತೆ ನಾನು ಬರೆದಿದ್ದು?"

"ಅದನ್ನೂ... ಈಗ ಓದ್ದೆ."

"ಇರ್ಲಿ ಬಿಡು."

"ಬಿಡು ಅನ್ಬೇಡಿ. ನಾನೂ ಬರ್ತೀನಿ. ಕೆಲಸ ಬಿಡ್ತೀನಿ. ಇವತ್ತೇ ಹೇಳ್ತೀನಿ ಇವರಿಗೆ."

"ನಿನ್ನೆ ಹೇಳಿಯಾಯ್ತು ಕಣೇ. ಒಬ್ಬನೇ ಅಂತ ಹೇಳಿದೆ. ಅಲ್ಲಿ ಡ್ರೈವರ್‌ಗಳ ರೂಮಿದೆ, ಒಂದು ಮಂಚ ಕೊಡ್ತಾರಂತೆ."

"ಒಂದು ಮಂಚ ಆದ್ರೇನು, ಬೇರೆ ಮನೆ ಮಾಡೋಣ."

"ಬೇಡ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಅದನ್ನು ಹಿಡಿದುಕೊಂಡಾದರೂ ಜಗ್ಗಾಡುತ್ತಿದ್ದಳು.

"ಬೇಕೂಂತ ತೆಗೆದಿದ್ರೆ ಒಂದು ಲೆಕ್ಕ," ಅಂದ ಅವನು. "ಬರಲ್ಲ ಅಂದ್ಳು ಅಂತ ತಿಳ್ಕೊಳ್ತಿದ್ದೆ. ನಾಲ್ಕು ದಿನ ಬೇಜಾರು ಮಾಡ್ಕೊಂಡು ಮತ್ತೆ ಕೇಳ್ತಿದ್ನೇನೋ. ನೀನು ನೋಡ್ಲೇ ಇಲ್ಲ ಅಂತೀಯ. ಕುರ್ಚಿ ಎಷ್ಟು ದಿನ ಗೋಡೆ ಕಡೆ ಇತ್ತು ಗೊತ್ತಾ? ಕೊನೆಗೆ ನಾನೇ ತಿರುಗಿಸಿ ಇಟ್ಕೊಂಡೆ. ಊರಿನವರದ್ದೆಲ್ಲ ಓದ್ತೀಯ. ನನ್ನದನ್ನ ನೀನು ಓದ್ಬೇಕಂದ್ರೆ ನಾನು ಇನ್ನೆಲ್ಲಿ ಬರೀಲಿ ಹೇಳು?"

 

ಭಾನುವಾರ ಇಬ್ಬರಿಗೂ ರಜೆ. ಎಷ್ಟೋ ತಿಂಗಳ ಮೇಲೆ ಒಂದೇ ಹೊತ್ತಿಗೆ ಇಬ್ಬರೂ ಎದ್ದು, ಒಂದೇ ಹೊತ್ತಿಗೆ ಉಂಡರು. ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಎದುರಾದಾಗ, ಯಾವ ಕಡೆ ಸರಿಯಬೇಕೆಂದು ತಿಳಿಯದೆ ಹೊಸಬರ ಹಾಗೆ ನಿಂತರು. ಅವನ ಅಂಗಿಗಳನ್ನು ಅವಳೇ ಮಡಚಿದಳು. "ಬೇಡ, ನಾನು ಮಡಚ್ಕೋತೀನಿ" ಅಂದ, ಆದರೂ ಮಡಚಿದಳು. ಹೇಳಬೇಕಾದ್ದು ಹೇಳಲು ಇಡೀ ದಿನ ಕೈಯಲ್ಲಿತ್ತು, ಅವಳು "ಸ್ವೆಟರ್ ಇಟ್ಕೊಂಡ್ರಾ?" ಅಂದಳು, ಅವನು "ಇಟ್ಕೊಂಡೆ" ಅಂದ. ಸಂಜೆ ಸ್ವಲ್ಪ ಹೊತ್ತು ಅವನು ಹೊರಗಿನ ಕಟ್ಟೆಯ ಮೇಲೆ ಫೋನ್ ನೋಡುತ್ತ ಕೂತಿದ್ದ. ಆಮೇಲೆ ಶೂ ಹಾಕಿಕೊಂಡ.

"ಬರ್ತೀನಿ," ಅಂದ. ಹೊರಡುವವರೆಲ್ಲ ಹಾಗೇ ಅನ್ನುತ್ತಾರೆ, ಅದಕ್ಕೆ ಅರ್ಥ ಕಟ್ಟಬಾರದು.

ಅವನ ಹೆಜ್ಜೆ ಮೆಟ್ಟಿಲಿಳಿದು ರಸ್ತೆ ಸೇರಿದ ಮೇಲೆ ಅವಳು ಮಂಚದ ಅಂಚಿನಲ್ಲಿ ಕೂತು ಆಟ ತೆರೆದಳು. ಜೋಡಿ ಸೋಫಾ ಇರಲಿಲ್ಲ, ಹಳದಿ ಪರದೆ ಇರಲಿಲ್ಲ, ಹೂಕುಂಡ ಇರಲಿಲ್ಲ. ಅವನು ಅಟ್ಟದಿಂದ ಹಳೆಯದನ್ನೆಲ್ಲ ಇಳಿಸಿ, ಒಂದೊಂದನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟಿದ್ದ. ಕುರ್ಚಿ ಕಿಟಕಿಗೆ ಮುಖ ಮಾಡಿತ್ತು. ಒಲೆಯ ಮೇಲೆ ಪಾತ್ರೆ ಇತ್ತು. ಮಂಚದ ಮೇಲೆ ಒಂದೇ ದಿಂಬು.

ಬಾಗಿಲ ಬಳಿ ಸೂಟ್‌ಕೇಸು ಇರಲಿಲ್ಲ. ಅದು ಇದ್ದ ಜಾಗದ ಪಕ್ಕದಲ್ಲಿ ಒಂದು ಲೋಟ ಇತ್ತು.

ಈ ಸಲ ಅವಳು ಎಲ್ಲವನ್ನೂ ನೋಡಿದಳು, ನಿಧಾನವಾಗಿ, ಮೂಲೆ ಮೂಲೆ ಬಿಡದೆ. ಅವನು ಬರೆದದ್ದರಲ್ಲಿ ಅವಳಿಗೆ ಅರ್ಥವಾಗದ್ದು ಒಂದೂ ಇರಲಿಲ್ಲ. ಅಟ್ಟಕ್ಕೆ ಹೋಗಿ ಇನ್ನೊಂದು ಲೋಟ ಹುಡುಕಿದಳು. ಅದು ಅಲ್ಲಿರಲಿಲ್ಲ, ಆಟದ ಸೂಟ್‌ಕೇಸಿನ ಜೊತೆಗೇ ಅವನು ತೆಗೆದುಕೊಂಡು ಹೋಗಿದ್ದ.

ಮುಂದಿನ ತಿಂಗಳು ದೊಡ್ಡಣ್ಣನ ಅಪ್ಪಣೆಯಂತೆ ಆಟದಲ್ಲಿ ಒಂದು ಸಣ್ಣ ಬದಲಾವಣೆ ಬಂತು. ಗುಂಡಿ ಒತ್ತಿದರೆ ಮೊದಲು ಒಂದು ಪ್ರಶ್ನೆ: ಒಮ್ಮೆ ನೋಡಿದಿರಾ? ಹೊಟ್ಟಿನ ಡಬ್ಬಿಯಿಂದ ಒಳ್ಳೆ ಕಾಳು ಹೆಕ್ಕಿದೆ ಅಂತ ಅವನು ಅವಳನ್ನು ಎಲ್ಲರೆದುರು ಹೊಗಳಿದ. ಜನರಿಗೂ ಅದು ತುಂಬ ಹಿಡಿಸಿತು. ದಿನವಿಡೀ ಅವರ ಮೆಚ್ಚುಗೆ ಬರುತ್ತಿತ್ತು. ಅವಳು ಒಂದೊಂದನ್ನೂ ಕೊನೆಯ ಅಕ್ಷರದವರೆಗೆ ಓದುತ್ತಿದ್ದಳು. ಗಂಡ ಬರೆದದ್ದು ಅವುಗಳಲ್ಲಿ ಒಂದೂ ಇರಲಿಲ್ಲ.