ಛಾಪಾ ಇಲ್ಲದ ಬಂಗಾರ

“ನಿನ್ನ ಮಗಳು ನನ್ನ ಮನಿ ಸೊಸಿ. ಬ್ಯಾರೆ ಕಡೆ ನೋಡಬ್ಯಾಡಕ್ಕಾ” ಎಂದು ಗುದ್ಲೆಪ್ಪ ಅಕ್ಕನ ಕೂಸು ಹಾಲವ್ವನ ತೊಟ್ಟಿಲು ಹಿಡಿದು ಮಾತು ಕೊಟ್ಟಿದ್ದ. ತಮ್ಮನ ಆ ಮಾತು ನಂಬಿ ಗುತ್ತೆವ್ವ, ಸವಣೂರಿನಲ್ಲಿ ಬಂದ ಸಂಬಂಧಗಳನ್ನೆಲ್ಲ ಬಾಗಿಲಲ್ಲೇ ತಿರುಗಿಸಿದಳು.

ಗುದ್ಲೆಪ್ಪನ ಮಗ ಚನ್ನವೀರಪ್ಪ ಧಾರವಾಡದಲ್ಲಿ ಓದಿ ಕಾರಕೂನನಾದ. ನಿಶ್ಚಯಕ್ಕೆ ಬಂಗಾರದ ಕೈಗಡಿಯಾರ ಬೇಕೆಂದು ತಮ್ಮ ಊರು ಬಂಕಾಪುರದಿಂದ ಹೇಳಿಕಳಿಸಿದ. ಗಂಡನಿಲ್ಲದ ಗುತ್ತೆವ್ವ ಮನೆಯ ಬೆಳ್ಳಿಯನ್ನೆಲ್ಲ ಮಾರಿ, ಹತ್ತಿ ವ್ಯಾಪಾರಿಯೊಬ್ಬನ ಕೈಲಿ ಮುಂಬಯಿಯಿಂದ ಅದನ್ನು ತರಿಸಿದಳು.

ಬಂಗಾರದ ಕೆಲಸದ ಪತ್ತಾರ ಮೋನಪ್ಪ ಅದರ ಬೆನ್ನು ಬಿಚ್ಚಿ ತೋರಿಸಿದ. ಒಳಗೆ ಸಾಸಿವೆಯಷ್ಟು ಸಣ್ಣ ಛಾಪಾ, ಕಂಪನಿಯ ಮುದ್ರೆ.

“ಹದಿನೆಂಟು ಅಂತ ಒತ್ಯಾರ ಯವ್ವಾ. ಇಪ್ಪತ್ನಾಕ ಪಾಲಿನಾಗ ಹದಿನೆಂಟ ಬಂಗಾರ, ಉಳದದ್ದು ತಾಮ್ರ-ಗೀಮ್ರ. ಸಾಹೇಬರ ಬಂಗಾರ ಹಿಂಗ.”

“ಅಳಿಯಗ ತಾಮ್ರ ಕಟ್ಟಲೇನು? ನಮ್ಮ ತವರಾಗ ಕಸರಿನ ಬಂಗಾರ ಯಾರೂ ಕೊಟ್ಟಿಲ್ಲ!”

ಅಲ್ಲೇ ಕೊರಳಿನ ಬೋರಮಾಳ ಬಿಚ್ಚಿದಳು. ಅವಳ ಅವ್ವನದು, ಅಚ್ಚ ಬಂಗಾರ. ಮೋನಪ್ಪ ಅದನ್ನು ಕರಗಿಸಿ ಗಡಿಯಾರಕ್ಕೆ ಹೊಸ ಕವಚ ಮಾಡಿದ. ಛಾಪಾ ಇದ್ದ ಹಳೆಯ ಕವಚ ಅವನ ಕೂಲಿಗೆ ಹೋಯಿತು.

ನಿಶ್ಚಯದ ದಿನ ಚನ್ನವೀರಪ್ಪ ಗಡಿಯಾರ ಕಟ್ಟಿಕೊಳ್ಳುವ ಮೊದಲು ಉಗುರಿನಿಂದ ಬೆನ್ನು ಎಬ್ಬಿಸಿದ. ಮೆತ್ತನೆಯ ಬಂಗಾರ, ಅಂಚು ಮಣಿಯಿತು.

“ಅತ್ತಿ, ಛಾಪಾ ಎಲ್ಲಿ?”

“ಛಾಪಾ ಯಾಕಪ್ಪಾ? ಅದಕ್ಕಿಂತ ಚಲೋದು ಐತಿ. ಕಲ್ಲಿಗೆ ಒರಸಿ ನೋಡು.”

“ಕಚೇರ್‍ಯಾಗ ಒರಗಲ್ಲ ಹೊತ್ಕೊಂಡು ಕೂಡ್ಲೇನು? ಅಲ್ಲೆ ಎಲ್ಲಾರೂ ಬೆನ್ನ ತಗದು ಛಾಪಾ ನೋಡ್ತಾರ. ಜಾತ್ರ್ಯಾಗಿಂದು ಅಂತ ನಗ್ತಾರ!”

ಕೂತವರಲ್ಲಿ ಯಾರೋ ಈಗಲೇ ನಕ್ಕರು. ಒಳಗೆ ಹಾಲವ್ವ ಹಸಿರು ಸೀರೆಯುಟ್ಟು, ಹೊರಗೆ ಕರೆಯುವುದನ್ನೇ ಕಾಯುತ್ತಿದ್ದಳು.

ಗುತ್ತೆವ್ವ ತಮ್ಮನ ಕಡೆ ತಿರುಗಿದಳು. “ನೀನರ ಹೇಳೋ. ಅವ್ವನ ಬೋರಮಾಳ ಕರಗಿಸಿ ಮಾಡಿಸಿದ್ದು ಇದು. ಆಕಿ ತೊಡಿಮ್ಯಾಲ ಕುಂತು ಹಲ್ಲು ಬರೂ ಮುಂದ ನೀನ ಕಡದಿದ್ದಿ.”

ಗುದ್ಲೆಪ್ಪ ಗಡಿಯಾರ ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಅವ್ವನ ಬಂಗಾರವೆಂದು ಅವನು ನಂಬಿದ್ದು ಅಕ್ಕನಿಗೆ ಅವನ ಮುಖದಲ್ಲೇ ಕಂಡಿತು. ಆಮೇಲೆ ಅವನು ಮಗನ ಮುಖ ನೋಡಿದ. ಗಡಿಯಾರವನ್ನು ತಾಟಿನಲ್ಲಿಟ್ಟ.

“ಓದಿದ ಹುಡುಗ. ಅವನ ಮನಸ ಒಪ್ಪಬೇಕಲ್ಲಕ್ಕಾ. ಹಿರೇಕೆರೂರಿನವರೂ ಹೆಣ್ಣು ಕೊಡ್ತೀವಂತ ಕೇಳಾಕತ್ತಾರ. ಅವರ ಕಡೆ ಛಾಪಾದ ಗಡಿಯಾರನ ಐತಂತ.”

“ಅದಕ್ಕ ಉಗುರು ಹಾಕಿದ್ನೇನು ನಿನ್ನ ಮಗ?”

ಬಂಕಾಪುರದವರು ಉಣ್ಣದೆ ಗಾಡಿ ಹೂಡಿದರು.

ಆ ವೈಶಾಖದಲ್ಲಿ ಹಿರೇಕೆರೂರಿನ ಹುಡುಗಿ ಗುದ್ಲೆಪ್ಪನ ಸೊಸೆಯಾದಳು. ಅಕ್ಕನಿಗೆ ಕೊಟ್ಟ ಮಾತನ್ನು ಅವನು ಮುರಿದ.